ಮಾದರಿ ಕುದುರೆಗೆ ಚಳಿಗಾಲದ ಜೂಲು: ಬಳ್ಳಾರಿ ಸೀಮೆಯ ಸಾಮಗ್ರಿಗಳು

ನೈಜ ಕುದುರೆಯ ಅಂಗಾಂಗ, ಬಣ್ಣ, ನಿಲುವುಗಳನ್ನು ನಿಗದಿತ ಪ್ರಮಾಣದಲ್ಲಿ ಕಿರಿದುಗೊಳಿಸಿ ಮಾಡಿದ ಗೊಂಬೆಯನ್ನು ಮಾದರಿ ಕುದುರೆ ಎನ್ನುತ್ತಾರೆ. ಇವುಗಳನ್ನು ಸಂಗ್ರಹಿಸುವ ಹವ್ಯಾಸ ಮುಖ್ಯವಾಗಿ ಬೆಳೆದದ್ದು ಅಮೆರಿಕದಲ್ಲಿ. 1950ರಲ್ಲಿ ಷಿಕಾಗೊ ನಗರದ ಬ್ರೇಯರ್ ಸಂಸ್ಥೆಯು ಗಡಿಯಾರ ಕಂಪನಿಯೊಂದಕ್ಕಾಗಿ ಪ್ಲಾಸ್ಟಿಕ್ ಕುದುರೆಯೊಂದನ್ನು ರೂಪಿಸಿತು. ಅಲಂಕಾರಕ್ಕೆಂದು ಗಡಿಯಾರದೊಡನೆ ನಿಂತಿದ್ದ ಆ ಕುದುರೆ ಮುಂದೆ ತಾನೇ ಒಂದು ಉದ್ಯಮವಾಯಿತು. ಹಿಮ ಬೀಳುವ ಆ ನಾಡಿನಲ್ಲಿ ಚಳಿಗಾಲವೆಂದರೆ ಸಂಗ್ರಾಹಕರ ಸುಗ್ಗಿ. ಕ್ರಿಸ್‌ಮಸ್ ವೇಳೆಗೆ ಪ್ರತಿವರ್ಷವೂ ವಿಶೇಷ ಅಲಂಕಾರದ ಕುದುರೆ ಮಾರಾಟಕ್ಕೆ ಬರುತ್ತದೆ; ಅದರ ಜತೆಗೆ ಗೊಂಬೆಗೆ ಹೊದಿಸುವ ಪುಟ್ಟ ಹೊದಿಕೆ, ಕೊರಳಿನ ಮುಸುಕು, ಅಂಗೈಯಗಲದ ಲಾಯ, ಸಂಗ್ರಾಹಕರಿಗಾಗಿಯೇ ಕುದುರೆಯ ಚಿತ್ರವಿರುವ ಸ್ವೆಟರು ಮುಂತಾದವು.

ಬಿಸಿಲಿಗೆ ಹೆಸರಾದ ಬಳ್ಳಾರಿ ಜಿಲ್ಲೆಯಲ್ಲಿ, ಅದರಲ್ಲೂ ಭತ್ತದ ಗದ್ದೆಗಳ ನಡುವಿನ ತೆಕ್ಕಲಕೋಟೆಯಲ್ಲಿ ಇಂಥ ಸರಕಿಗೆ ಏನು ಕೆಲಸ ಎಂದು ಓದುಗರು ಕೇಳಬಹುದು. ಆದರೆ ಪ್ರಾಣಿಯ ಮೂರ್ತಿ ಮಾಡುವುದೂ ಪ್ರಾಣಿಗೆ ಬಟ್ಟೆ ತೊಡಿಸುವುದೂ ಈ ಸೀಮೆಗೆ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುವರು. ಕಾರಹುಣ್ಣಿಮೆಗೆ ಎತ್ತುಗಳ ಮೈಮೇಲೆ ಜೂಲು ಹಾಕಿ ಮೆರೆಸುವರು. ಡಾ. ಎಂ.ಎಸ್. ನಾಗರಾಜರಾವ್ ಅವರು 1963-64ರಲ್ಲಿ ಉತ್ಖನನ ನಡೆಸಿದ ತೆಕ್ಕಲಕೋಟೆಯ ನವಶಿಲಾಯುಗದ ನೆಲೆಯ ಜನರೂ ದನಗಾಹಿಗಳೇ. ಇಲ್ಲಿ ಮೊದಲಿನಿಂದಲೂ ಎತ್ತಿನದೇ ಪಾರುಪತ್ಯ.

ಕುದುರೆಯ ಸರದಿ ಬಂದದ್ದು ವಿಜಯನಗರದ ಕಾಲಕ್ಕೆ. ದೊರೆಯು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ಅವನಿಗಿಂತ ಮೊದಲು ಬಂದ ಡೊಮಿಂಗೊ ಪಾಯೆಸ್ ಮಹಾನವಮಿಯ ಕುದುರೆಗಳ ಶೃಂಗಾರವನ್ನೇ ವಿವರಿಸುತ್ತಾನೆ: ಹಣೆಗೆ ಬೆಳ್ಳಿಯ ಅಥವಾ ಚಿನ್ನದ ನೀರು ಕುಡಿಸಿದ ಫಲಕ, ಬಣ್ಣಬಣ್ಣದ ರೇಷ್ಮೆಯ ಕುಚ್ಚು, ಮಖಮಲ್ಲಿನ ಜೂಲು. ಹಂಪಿಯ ಹಜಾರರಾಮ ದೇಗುಲದ ಹೊರಗೋಡೆಯಲ್ಲಿ ಸಾಲುಗಟ್ಟಿ ನಿಂತ ಕುದುರೆಗಳಿವೆ. ಪಾಶ್ಚಾತ್ಯರ ಕ್ರಿಸ್‌ಮಸ್ ಕುದುರೆಯನ್ನು ನಕಲು ಮಾಡುವ ಬದಲು ಈ ಗೋಡೆಯ ಮುಂದೆ ಅರ್ಧ ದಿನ ಕಳೆಯುವುದು ಸಂಗ್ರಾಹಕರಿಗೆ ಹೆಚ್ಚು ಲಾಭಕರ.

ಕುದುರೆಯೂ ಕಂಬಳಿಯೂ ಒಟ್ಟಾಗಿ ಕಾಣುವುದು ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಪರಂಪರೆಯಲ್ಲಿ. ಮೈಲಾರಲಿಂಗನದು ಕುದುರೆಯ ವಾಹನ. ಅವನ ಭಕ್ತರಾದ ಗೊರವರದು ಕಂಬಳಿಯ ಉಡುಪು. ಅಶ್ವಾರೂಢ ಮೈಲಾರನ ಪುಟ್ಟ ಲೋಹಮೂರ್ತಿಗಳು ಒಕ್ಕಲು ಮನೆಗಳ ಜಗಲಿಯಲ್ಲಿ ಪೂಜೆಗೊಳ್ಳುತ್ತವೆ. ಅವು ದೇವರು, ಸಂಗ್ರಹದ ವಸ್ತುಗಳಲ್ಲ ಎಂಬ ವಿವೇಕ ಮಾತ್ರ ಕೊಳ್ಳುವವರಿಗೆ ಇರಬೇಕು.

ಜೂಲಿಗೆ ಕಂಬಳಿಯೇ ಏಕೆ? ಬಳ್ಳಾರಿ ಎಂಬ ಹೆಸರಿನ ಕುರಿ ತಳಿಯೇ ಇದೆ. ಅದರ ಉಣ್ಣೆ, ದಖ್ಖನಿ ಕುರಿಯದರಂತೆಯೇ, ಒರಟು. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಬಳಿದು ಕೈಮಗ್ಗದಲ್ಲಿ ನೇಯ್ದ ಕರಿಕಂಬಳಿ ಮಳೆಗೂ ಚಳಿಗೂ ಕುರಿಗಾಹಿಯ ಆಸರೆಯಾಗಿತ್ತು. ಯಂತ್ರದಲ್ಲಿ ತಯಾರಾದ ಅಗ್ಗದ ಹೊದಿಕೆಗಳು ಬಂದ ಮೇಲೆ ಉಣ್ಣೆಯನ್ನು ಕೇಳುವವರು ಕಡಿಮೆಯಾದರು. ಕುರಿಯನ್ನು ಮಾಂಸಕ್ಕಾಗಿ ಸಾಕುವುದೇ ಮುಖ್ಯವಾಯಿತು. ಮಾದರಿ ಕುದುರೆಯ ಜೂಲಿನಿಂದ ನೇಕಾರರ ಬದುಕು ಹಸನಾಗುವುದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೂ ಒಂದು ಗೇಣು ಅಗಲದ ಪಟ್ಟಿಗೆ ನ್ಯಾಯವಾದ ಮಜೂರಿ ಕೊಡುವ ಗಿರಾಕಿ ಮಗ್ಗಕ್ಕೆ ಬೇಡವಾದವನಲ್ಲ. ಇಡೀ ಕಂಬಳಿಯನ್ನು ಚೂರು ಮಾಡುವುದು ಈ ಕಡೆಯವರಿಗೆ ರುಚಿಸದು. ಅದು ಗದ್ದುಗೆಗೆ ಹಾಸುವ ಬಟ್ಟೆ. ಹರಿದ ಹಳೆಯ ಕಂಬಳಿಯ ತುಂಡಾದರೆ ಅಡ್ಡಿಯಿಲ್ಲ.

ಇಲ್ಲಿ ಅಳತೆಯ ತೊಡಕೊಂದಿದೆ. ಬ್ರೇಯರ್ ಕುದುರೆಗಳ ದೊಡ್ಡ ಗಾತ್ರ 1:9, ಮಧ್ಯಮದ್ದು 1:12, ಚಿಕ್ಕದು 1:32. ಹೆಗಲಿನ ಬಳಿ ಐದು ಅಡಿ ಎತ್ತರವಿರುವ ಕುದುರೆ ಈ ಪ್ರಮಾಣಗಳಲ್ಲಿ ಕ್ರಮವಾಗಿ ಸುಮಾರು 17, 13 ಮತ್ತು 5 ಸೆಂಟಿಮೀಟರ್ ಆಗುತ್ತದೆ. ಮೂರು ಮಿಲಿಮೀಟರ್ ದಪ್ಪದ ಕಂಬಳಿಯನ್ನು ದೊಡ್ಡ ಗಾತ್ರದ ಗೊಂಬೆಗೆ ಹೊದಿಸಿದರೆ ನಿಜವಾದ ಕುದುರೆಯ ಮೇಲೆ 27 ಮಿಲಿಮೀಟರ್ ದಪ್ಪದ ಹಾಸಿಗೆ ಹೊರಿಸಿದಂತಾಗುತ್ತದೆ. ಹೀಗಾಗಿ ಸವೆದು ತೆಳುವಾದ ಕಂಬಳಿಯೇ ಉತ್ತಮ. ಅದೂ ದೊಡ್ಡ ಗಾತ್ರಕ್ಕೆ ಮಾತ್ರ. ಚಿಕ್ಕವಕ್ಕೆ ತೆಳು ಹತ್ತಿಬಟ್ಟೆ ಸಾಕು. ಎತ್ತಿನ ಜೂಲಿನ ಆಕಾರವನ್ನು ಹಾಗೆಯೇ ಇಳಿಸಿಕೊಳ್ಳುವುದೂ ಸಲ್ಲದು. ಕುದುರೆಗೆ ಡುಬ್ಬವಿಲ್ಲ, ಕೊರಳ ಬುಡದಲ್ಲಿ ಬಟ್ಟೆಯನ್ನು ಕಮಾನಿನಂತೆ ಕತ್ತರಿಸಬೇಕು. ಎದೆಯ ನಡುವಿನಿಂದ ಬಾಲದ ಬುಡದವರೆಗೆ ದಾರ ಹಿಡಿದು ಅಳೆದು, ಮೊದಲು ಕಾಗದದಲ್ಲಿ ಕತ್ತರಿಸಿ ನೋಡಿದರೆ ಬಟ್ಟೆ ಹಾಳಾಗದು.

ಅಂಚಿಗೆ ಸಂಡೂರಿನ ಲಂಬಾಣಿ ಕಸೂತಿ ಒಪ್ಪುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಲೆಯ 1,755 ವಸ್ತುಗಳನ್ನು 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಕನ್ನಡಿಯ ಬಿಲ್ಲೆಗಳು ಮಾತ್ರ ಪುಟ್ಟ ಕುದುರೆಗೆ ಗುರಾಣಿಯಂತೆ ಕಾಣುವುದರಿಂದ ಬರಿಯ ಹೊಲಿಗೆಯನ್ನೇ ಕೇಳುವುದು ಲೇಸು. ಹೊರಪದರಕ್ಕೆ ಗಟ್ಟಿ ಬಟ್ಟೆ ಬೇಕಾದವರಿಗೆ ಬಳ್ಳಾರಿಯ ಜೀನ್ಸ್ ಹೊಲಿಗೆಯ ತುಂಡುಗಳುಂಟು.

ಇನ್ನು ಕುದುರೆಯ ಮಾತು. ಚನ್ನಪಟ್ಟಣದ ಅರಗಿನ ಬಣ್ಣದ ತೂಗುಕುದುರೆ ಎಲ್ಲರಿಗೂ ಗೊತ್ತು. ನಮಗೆ ಹತ್ತಿರದ್ದು ಕೊಪ್ಪಳ ಜಿಲ್ಲೆಯ ಕಿನ್ನಾಳ. ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ದೇವರು, ಪ್ರಾಣಿ, ಪಕ್ಷಿಗಳನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಹತ್ತಿಯ ತುಣುಕುಗಳನ್ನು ಮೆತ್ತಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು ಬಣ್ಣ ಹಚ್ಚುತ್ತವೆ. ಕಂಬಳಿಯ ನೂಲನ್ನು ಗಟ್ಟಿಗೊಳಿಸುವ ಹುಣಸೆಬೀಜವೇ ಕಿನ್ನಾಳದ ಗೊಂಬೆಯನ್ನೂ ಹಿಡಿದಿಡುತ್ತದೆ. ಅಳತೆಗೆ ತಕ್ಕ ಕುದುರೆ ಬೇಕಿದ್ದವರು ಚಿತ್ರವನ್ನೂ ಎತ್ತರವನ್ನೂ ಮೊದಲೇ ಬರೆದುಕೊಟ್ಟು, ಬಣ್ಣ ಒಣಗಲು ಕಾಲಾವಕಾಶ ಕೊಡಬೇಕು.

ರಕ್ಷಣೆಯ ವಿಷಯದಲ್ಲಿ ನಮ್ಮ ಶತ್ರು ಚಳಿಯಲ್ಲ, ಬೇಸಿಗೆ. ಬ್ರೇಯರ್ ಕುದುರೆಗಳ ಸೆಲ್ಯುಲೋಸ್ ಅಸಿಟೇಟ್ ಸೆಕೆಯಲ್ಲಿ ಕೆಡುತ್ತದೆ. ಹುಳಿ ವಾಸನೆ ಬಂದರೆ ಆ ಗೊಂಬೆಯನ್ನು ಕೂಡಲೇ ಉಳಿದವುಗಳಿಂದ ಬೇರೆ ಇಡಬೇಕು. ಅರಗಿನ ಬಣ್ಣ ಬಿಸಿಗೆ ಮೆತ್ತಗಾಗುತ್ತದೆ. ಕಿನ್ನಾಳದ ಗೊಂಬೆಗೆ ಒದ್ದೆ ಬಟ್ಟೆ ತಾಗಿಸದೆ ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು. ಒರಟು ಉಣ್ಣೆ ಬಣ್ಣವನ್ನು ಉಜ್ಜುವುದರಿಂದ ಜೂಲಿನ ಒಳಗೆ ಹಳೆಯ ಪಂಚೆಯ ಅಸ್ತರಿ ಹೊಲಿಯುವುದು ಅವಶ್ಯ. ಸಂಕ್ರಾಂತಿ ಕಳೆದು ಬಿಸಿಲು ಬಲಿತ ಮೇಲೆ ಜೂಲುಗಳನ್ನು ಕಳಚಿ, ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಎಲೆಯೊಡನೆ ಪ್ರತ್ಯೇಕ ಡಬ್ಬಿಯಲ್ಲಿಡಬೇಕು. ನುಸಿಗುಳಿಗೆ ಬಳಸುವುದಾದರೆ ಅದರ ಆವಿ ಪ್ಲಾಸ್ಟಿಕ್ ಗೊಂಬೆಗಳಿಗೆ ತಾಗದಂತೆ ನೋಡಿಕೊಳ್ಳತಕ್ಕದ್ದು.