ಮಿಸ್ಸಿಂಗ್ ಹೊಡೆಯುವ ಎಂಜಿನ್ : ಒಂದು ಪತ್ತೇದಾರಿಕೆಯ ಇತಿಹಾಸ



ಹಳೆಯ ಅಂಬಾಸಿಡರ್ ಕಾರು ನಿಂತಲ್ಲೇ ನಡುಗುತ್ತ, ಏರು ಬಂದೊಡನೆ ಏದುಸಿರು ಬಿಡತೊಡಗಿದರೆ ‘ಎಂಜಿನ್ ಮಿಸ್ಸಿಂಗ್ ಹೊಡೀತಿದೆ’ ಎಂದು ಚಾಲಕರು ಹೇಳುತ್ತಿದ್ದರು. ನಾಲ್ಕು ಸಿಲಿಂಡರುಗಳಲ್ಲಿ ಒಂದು ತನ್ನ ಸರದಿಯಲ್ಲಿ ಉರಿಯದೆ ಉಳಿದ ಮೂರಕ್ಕೆ ಹೊರೆಯಾಗಿದೆ ಎಂದು ಅದರ ಅರ್ಥ. ಆ ಒಂದು ಯಾವುದು? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ.

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ವಾಹನಕ್ಕೆ ಇದ್ದದ್ದು ಒಂದೇ ಸಿಲಿಂಡರು. ಅದು ಉರಿಯದಿದ್ದರೆ ಗಾಡಿ ನಿಲ್ಲುತ್ತಿತ್ತು. ಹುಡುಕುವ ಮಾತೇ ಇರಲಿಲ್ಲ. ಸಿಲಿಂಡರುಗಳು ನಾಲ್ಕಾದ ಮೇಲೆ ತೊಡಕು ಹುಟ್ಟಿತು.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಇದಕ್ಕೆ ಸೊಗಸಾದ ಉಪಾಯವಿತ್ತು. ಪ್ರತಿ ಸಿಲಿಂಡರಿಗೂ ಒಂದೊಂದು ಕಾಯಿಲ್, ಪ್ರತಿ ಕಾಯಿಲಿನ ತಲೆಯ ಮೇಲೂ ಗುಂಯ್‌ಗುಡುವ ಒಂದು ಲೋಹದ ಪಟ್ಟಿ. ಮೊದಲನೆಯ ಮತ್ತು ನಾಲ್ಕನೆಯ ಪಟ್ಟಿಗಳನ್ನು ಬೆರಳಿನಿಂದ ಅದುಮಿ ಹಿಡಿದರೆ ಆ ಎರಡು ಸಿಲಿಂಡರುಗಳು ಸ್ತಬ್ಧವಾಗುತ್ತವೆ. ಆಗಲೂ ಎಂಜಿನ್ ಎರಡರ ಮೇಲೆ ಸಮನಾಗಿ ಓಡಿದರೆ ದೋಷ ಒಂದರಲ್ಲಿಲ್ಲವೇ ನಾಲ್ಕರಲ್ಲಿ. ಮುಂದೆ ನಾಲ್ಕನ್ನು ಬಿಟ್ಟು ಒಂದು, ಎರಡು, ಮೂರನ್ನು ಅದುಮಬೇಕು. ನಾಲ್ಕು ಸರಿಯಾಗಿ ಸಿಡಿಯುತ್ತಿದ್ದರೆ ಅಪರಾಧಿ ಒಂದನೆಯದು. ಬಳಿಕ ಅದರ ಕಾಯಿಲನ್ನು ಪಕ್ಕದ್ದರೊಡನೆ ಅದಲುಬದಲು ಮಾಡಿದರೆ, ದೋಷವೂ ಜೊತೆಯಲ್ಲೇ ಪಕ್ಕಕ್ಕೆ ಹೋಗುತ್ತದೆಯೇ ಎಂಬುದು ತಿಳಿಯುತ್ತಿತ್ತು. ಹೋದರೆ ಕಾಯಿಲ್ ಕೆಟ್ಟಿದೆ. ಹೋಗದಿದ್ದರೆ ಪ್ಲಗ್, ತಂತಿ ಇಲ್ಲವೇ ಸಿಲಿಂಡರಿನ ಒಳಗಿನ ಭಾಗವನ್ನು ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರಿಣಾಮವನ್ನು ಗಮನಿಸುವ ಈ ಕ್ರಮವನ್ನು ನಿಮಗೆ ಪ್ರಯೋಗಶಾಲೆಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಅಮೆರಿಕದ ರೈತರು ಅದನ್ನು ಹೊಲದ ಬದುವಿನಲ್ಲಿ ಕಲಿತರು.

ಅಷ್ಟರಲ್ಲೇ ಬೇರೊಂದು ಪದ್ಧತಿಯೂ ಬಂದಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವ್ಯವಸ್ಥೆ 1910ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಕಾಣಿಸಿತು. ಆ ದಾರಿಯಲ್ಲಿ ಬೆಳೆದ ಎಂಜಿನ್ನುಗಳಲ್ಲಿ ಒಂದೇ ಕಾಯಿಲ್, ಒಂದೇ ಜೊತೆ ಪಾಯಿಂಟು, ಕಿಡಿಯನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್. ಇವುಗಳಲ್ಲಿ ಅದುಮಲು ಪಟ್ಟಿಗಳಿಲ್ಲ. ಪ್ಲಗ್ಗಿನ ತಂತಿಯನ್ನೇ ಕಳಚಬೇಕು.

1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಈ ವಂಶದ್ದೇ. ಕಿಡಿಯ ಸರದಿ 1-3-4-2. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಮೇಸ್ತ್ರಿ ಒಂದೊಂದೇ ತಂತಿಯನ್ನು ಕೀಳುವನು, ಇಲ್ಲವೇ ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ಪ್ಲಗ್ಗಿನ ತುದಿಯನ್ನು ಎಂಜಿನ್ನಿನ ಮೈಗೆ ಮುಟ್ಟಿಸುವನು. ತಂತಿ ಕಿತ್ತಾಗ ಸದ್ದು ಕುಗ್ಗಿದರೆ ಆ ಸಿಲಿಂಡರು ಜೀವಂತ. ಏನೂ ಬದಲಾಗದಿದ್ದರೆ ಸತ್ತದ್ದು ಅದೇ. (ಇಂದಿನ ಎಲೆಕ್ಟ್ರಾನಿಕ್ ಇಗ್ನಿಷನ್ ಕಾರುಗಳಲ್ಲಿ ಹೀಗೆ ಮಾಡಹೋಗಬೇಡಿ, ಕೈಗೂ ಅಪಾಯ, ಕಾಯಿಲಿಗೂ ಅಪಾಯ.)

ನಿಜವಾದ ಜಾಣ್ಮೆ ಬೇಕಾಗುತ್ತಿದ್ದುದು ಇದರ ನಂತರ. ಪಾಯಿಂಟು ಮತ್ತು ಕಂಡೆನ್ಸರ್ ನಾಲ್ಕೂ ಸಿಲಿಂಡರುಗಳಿಗೆ ಸಮಾನ. ಅವು ಕೆಟ್ಟರೆ ಸಾಮಾನ್ಯವಾಗಿ ನಾಲ್ಕೂ ನರಳುತ್ತವೆ. ಹೀಗಿರುವಾಗ ಒಂದೇ ಸಿಲಿಂಡರು ಸತ್ತ ಕಾರಿಗೆ ಹೊಸ ಪಾಯಿಂಟು, ಕಂಡೆನ್ಸರ್ ಹಾಕಿ ಹಣ ವಸೂಲು ಮಾಡುವವನು ತಿಳಿಗೇಡಿ, ಇಲ್ಲವೇ ಮೋಸಗಾರ. ದಿನದ ಬಾಡಿಗೆಯ ಮೇಲೆ ಮನೆ ನಡೆಸುವ ಟ್ಯಾಕ್ಸಿಯವನಿಗೆ ಆ ವ್ಯತ್ಯಾಸ ಸಣ್ಣದಾಗಿರಲಿಲ್ಲ. ತಡಮಾಡಿದರೂ ನಷ್ಟವೇ. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ, ರಿಂಗುಗಳು ಸವೆಯುತ್ತವೆ.

ಬಲ್ಲವನು ಮೊದಲು ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣ ನೋಡುತ್ತಿದ್ದ. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು. ಎಣ್ಣೆಯ ಜಿಡ್ಡಿದ್ದರೆ ಒಳಗಿನ ಸವೆತ. ಪ್ಲಗ್ಗನ್ನೂ ತಂತಿಯನ್ನೂ ಬದಲಿಸಿ ನೋಡಿದರೂ ದೋಷ ಅಲ್ಲೇ ಉಳಿದರೆ ಒತ್ತಡವನ್ನು ಅಳೆಯುವುದು. ಒತ್ತಡ ಕಡಿಮೆಯಿದ್ದಲ್ಲಿ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುತ್ತಿದ್ದರು. ಏರಿದರೆ ರಿಂಗು ಸವೆದಿದೆ, ಎಣ್ಣೆ ಸಂದನ್ನು ಮುಚ್ಚಿದೆ. ಏರದಿದ್ದರೆ ವಾಲ್ವಿನ ಮೇಲೆ ಅನುಮಾನ. ಪಕ್ಕಪಕ್ಕದ ಎರಡರಲ್ಲೂ ಒತ್ತಡ ಇಳಿದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು. ಮಳೆಗಾಲದ ಬೆಳಿಗ್ಗೆಯಾದರೆ ಇಷ್ಟೆಲ್ಲ ಬೇಕಿರಲಿಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳವನ್ನು ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಕಾರುಗಳು ಸರಿಯಾಗುತ್ತಿದ್ದವು!

ಪ್ಲಗ್ಗಿನ ಮಾತು ಬಂದಿತು. ಜರ್ಮನಿಯ ಬಾಷ್ ಸಂಸ್ಥೆಯಲ್ಲಿ ಗಾಟ್ಲೋಬ್ ಹೊನೊಲ್ಡ್ 1902ರಲ್ಲಿ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೊಪ್ಪುವ ಪ್ಲಗ್ಗನ್ನು ರೂಪಿಸಿದರು. ಅದೇ ಬಾಷ್ ನಂಟಿನಿಂದ 1951ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನ ಮೈಕೋ. ಆಡುಗೋಡಿಯ ಕಾರ್ಖಾನೆಯ ಪ್ಲಗ್ಗುಗಳು ದೇಶದ ಮೂಲೆಮೂಲೆಯ ಅಂಗಡಿಗಳನ್ನು ತಲುಪಿದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾದರೂ ಮೈಕೋ ಲೇಔಟ್ ಮಾತ್ರ ಮೈಕೋ ಲೇಔಟ್ ಆಗಿಯೇ ಉಳಿದಿದೆ.

ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಲ್ಲಿ ಕಡ್ಡಾಯವಾದ ಓಬಿಡಿ-2 ವ್ಯವಸ್ಥೆ ಈ ಕೆಲಸವನ್ನು ಕಂಪ್ಯೂಟರಿಗೆ ವಹಿಸಿತು. ಪಿ0301 ಎಂದರೆ ಒಂದನೆಯ ಸಿಲಿಂಡರು, ಪಿ0302 ಎಂದರೆ ಎರಡನೆಯದು. ಒಂದು ಸಿಲಿಂಡರು ಉರಿಯದಿದ್ದಾಗ ಕ್ರ್ಯಾಂಕ್‌ಶಾಫ್ಟಿನ ವೇಗ ಕ್ಷಣಮಾತ್ರ ಕುಗ್ಗುವುದನ್ನು ಅದು ಅಳೆಯುತ್ತದೆ. ಮೇಸ್ತ್ರಿಯ ಕಿವಿ ಹಿಡಿಯುತ್ತಿದ್ದುದೂ ಅದೇ ಕುಗ್ಗನ್ನು. ಆದರೆ ಯಾವುದು ಎಂದಷ್ಟೇ ಸಂಖ್ಯೆ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಅದನ್ನರಿಯಲು ಈಗಿನ ಮೆಕ್ಯಾನಿಕ್ ಆ ಸಿಲಿಂಡರಿನ ಕಾಯಿಲನ್ನು ಬಿಚ್ಚಿ ಪಕ್ಕದ್ದಕ್ಕೆ ಹಾಕಿ, ಸಂಖ್ಯೆಯೂ ಜೊತೆಗೆ ಬದಲಾಗುತ್ತದೆಯೇ ಎಂದು ನೋಡುತ್ತಾನೆ.