ಮಧ್ಯರಾತ್ರಿ ನೆಲಕ್ಕೆ ಕಿವಿಗೊಟ್ಟವರು

ನಮ್ಮೂರುಗಳಲ್ಲಿ ನೀರಿನ ಪೈಪು ಒಡೆದರೆ ಪತ್ತೆ ಮಾಡಲು ಯಂತ್ರ ಬೇಕಾಗಿಲ್ಲ. ರಸ್ತೆ ಪಕ್ಕದ ಮಣ್ಣು ಹಸಿಯಾಗುತ್ತದೆ, ನಾಲ್ಕು ದಿನದಲ್ಲಿ ಗರಿಕೆ ಚಿಗುರುತ್ತದೆ, ದನ ಬಂದು ಮೂತಿ ಇಡುತ್ತದೆ. ಯಾರಾದರೂ ನೀರುಗಂಟಿಗೆ ಹೇಳುತ್ತಾರೆ, ಅವನು ಹಾರೆ ಹಿಡಿದು ಬರುತ್ತಾನೆ. ಯಾವಾಗ ಬರುತ್ತಾನೆ ಅನ್ನೋದು ಬೇರೆ ಮಾತು.

ಆದರೆ ಚಳಿಗಾಲದಲ್ಲಿ ನೆಲವೇ ಕಲ್ಲಿನಂತೆ ಹೆಪ್ಪುಗಟ್ಟುವ ಊರುಗಳಿವೆ. ಅಲ್ಲಿ ಸೋರಿದ ನೀರು ಮೇಲೆ ಬರುವುದೇ ಇಲ್ಲ. ಹೆಪ್ಪುಗಟ್ಟಿದ ಮಣ್ಣು ಪಾತ್ರೆಯ ಮುಚ್ಚಳದಂತೆ ಕೂತಿರುತ್ತದೆ. ನೀರು ಅದರ ಕೆಳಗೇ ಪೈಪಿನ ಕಾಲುವೆ ಹಿಡಿದು ಹರಿದು, ಎಲ್ಲೋ ದೂರದ ಚರಂಡಿಗೆ ಸೇರುತ್ತದೆ. ಇಲ್ಲವೇ ಯಾರದೋ ಮನೆಯ ನೆಲಮಾಳಿಗೆಯಲ್ಲಿ ಏಳುತ್ತದೆ. ಅದೃಷ್ಟವಿದ್ದರೆ ರಸ್ತೆಯ ಒಂದು ಕಡೆ ಮಾತ್ರ ಹಿಮ ಕರಗಿರುವುದು ಕಾಣುತ್ತದೆ, ಅಷ್ಟೇ.

ಪೈಪು ಒಡೆಯುವುದೂ ಅದೇ ಚಳಿಗೆ. ನೀರು ಹೆಪ್ಪುಗಟ್ಟಿದರೆ ಕುಗ್ಗುವುದಿಲ್ಲ, ಹಿಗ್ಗುತ್ತದೆ. 100 ಕೊಡ ನೀರು ಮಂಜುಗಡ್ಡೆಯಾದರೆ ಸುಮಾರು 109 ಕೊಡದಷ್ಟು ಜಾಗ ಕೇಳುತ್ತದೆ. ಮನೆಗೆ ಹೋಗುವ ಸಣ್ಣ ಪೈಪು ಸೀಳುವುದು ಹೀಗೆ. ತಮಾಷೆಯೆಂದರೆ ಸೀಳಿದ ದಿನ ಒಂದು ಹನಿಯೂ ಸೋರುವುದಿಲ್ಲ, ಮಂಜುಗಡ್ಡೆಯೇ ಬಿರಡೆಯಾಗಿರುತ್ತದೆ. ಬಿಸಿಲು ಬಂದು ಕರಗಿದಾಗಲೇ ಗೊತ್ತಾಗುವುದು. ರಸ್ತೆಯಡಿಯ ದೊಡ್ಡ ಪೈಪಿನಲ್ಲಿ ನೀರು ಹರಿಯುತ್ತಲೇ ಇರುವುದರಿಂದ ಅದು ಸುಲಭಕ್ಕೆ ಹೆಪ್ಪುಗಟ್ಟದು. ಆದರೆ ತಣ್ಣೀರು ತಾಗಿ ಎರಕದ ಕಬ್ಬಿಣ ಕುಗ್ಗುತ್ತದೆ, ಮೇಲಿನ ಮಣ್ಣು ಉಬ್ಬಿ ಅದುಮುತ್ತದೆ, ಜೋಡಣೆ ಬಿಡುತ್ತದೆ.

ಹಾಗಾದರೆ ಕಣ್ಣಿಗೆ ಕಾಣದ ಈ ಸೋರಿಕೆಯನ್ನು ಹುಡುಕುವುದು ಹೇಗೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ, 1873ರಲ್ಲಿ.

ಲಿವರ್‌ಪೂಲ್ ದೊಡ್ಡ ಬಂದರು ನಗರ. ಹಡಗು ಬಂದಂತೆ ಜನವೂ ಬಂದರು. ರಿವಿಂಗ್ಟನ್ ಎಂಬಲ್ಲಿ ಜಲಾಶಯ ಕಟ್ಟಿ ತಂದ ನೀರು ಕೆಲವೇ ವರ್ಷಗಳಲ್ಲಿ ಸಾಲದಾಯಿತು. ಇಡೀ ದಿನ ಬಿಡುತ್ತಿದ್ದ ನೀರನ್ನು ದಿನಕ್ಕೆ ಕೆಲವು ಗಂಟೆ ಮಾತ್ರ ಬಿಡತೊಡಗಿದರು. ಇದರ ಕಷ್ಟ ನಮಗೆ ಹೊಸದಾಗಿ ವಿವರಿಸಬೇಕಿಲ್ಲ. ಒಂದು ಮಾತು ಮಾತ್ರ ಹೇಳಬೇಕು: ನೀರು ನಿಂತ ಹೊತ್ತಿನಲ್ಲಿ ಖಾಲಿ ಪೈಪು ತನ್ನ ಬಿರುಕುಗಳಿಂದಲೇ ಹೊರಗಿನ ಕೊಳಕನ್ನು ಒಳಗೆಳೆದುಕೊಳ್ಳುತ್ತದೆ. ಕಾಲರಾ ಕಂಡಿದ್ದ ನಗರಕ್ಕೆ ಇದು ಸಣ್ಣ ವಿಷಯವಲ್ಲ.

ಅಧಿಕಾರಿಗಳ ಕೈಯಲ್ಲಿದ್ದ ಸುಲಭದ ವಿವರಣೆ ಒಂದೇ: ಜನ ನೀರು ಪೋಲು ಮಾಡುತ್ತಾರೆ. ಮನೆಗಳಿಗೆ ಮೀಟರ್ ಇರಲಿಲ್ಲ. ಹಾಗಾಗಿ ತನಿಖೆಯವರು ಹಗಲು ಹೊತ್ತು ಮನೆಮನೆಯ ಒಳಗೆ ಹೋಗಿ ನಲ್ಲಿ ನೋಡಬೇಕಿತ್ತು. ಅಷ್ಟು ಮನೆ ನೋಡಿ ಮುಗಿಸುವುದು ಯಾವಾಗ? ನೆಲದಡಿ ಸೋರುವುದು ನಲ್ಲಿ ನೋಡಿದರೆ ತಿಳಿಯುತ್ತದೆಯೇ?

ಆಗ ಲಿವರ್‌ಪೂಲ್‌ನ ಎಂಜಿನಿಯರ್ ಜಾರ್ಜ್ ಡೀಕನ್. ಮೂವತ್ತರ ಆಸುಪಾಸಿನ ವಯಸ್ಸು. ಅದಕ್ಕೂ ಮೊದಲು ಅಟ್ಲಾಂಟಿಕ್ ಸಾಗರದಡಿ ತಂತಿ ಹಾಕಲು ಹೊರಟ ಹಡಗಿನಲ್ಲಿ ಕೆಲಸ ಮಾಡಿ ಬಂದಿದ್ದವನು. ಅವನು ಮಾಡಿದ ಉಪಕರಣ ಸರಳ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಕೊಳವೆ, ಅದರೊಳಗೆ ತಂತಿಯಲ್ಲಿ ತೂಗಿದ ಒಂದು ತಟ್ಟೆ. ನೀರು ಹರಿಯದಿದ್ದರೆ ತಟ್ಟೆ ಮೇಲೇ ಇರುತ್ತದೆ. ಹರಿವು ಹೆಚ್ಚಿದಷ್ಟೂ ಕೆಳಕ್ಕೆ ತಳ್ಳಿಸಿಕೊಳ್ಳುತ್ತದೆ. ತಂತಿಗೆ ಒಂದು ಪೆನ್ಸಿಲ್, ಅದರ ಎದುರು ಗಡಿಯಾರದಿಂದ ತಿರುಗುವ ಕಾಗದದ ಉರುಳೆ. ಒಂದಿಷ್ಟು ಬೀದಿಗಳಿಗೆ ಹೋಗುವ ದೊಡ್ಡ ಪೈಪಿಗೆ ಇದನ್ನು ಜೋಡಿಸಿದರೆ ಆ ಬೀದಿಗಳ ಇಡೀ ದಿನದ ನೀರಿನ ಕಥೆ ಕಾಗದದ ಮೇಲೆ ಗೆರೆಯಾಗಿ ಬರುತ್ತದೆ.

ಆ ಗೆರೆ ಓದುವುದರಲ್ಲೇ ಇರುವುದು ಸ್ವಾರಸ್ಯ. ಹಗಲು ಜನ ನೀರು ಹಿಡಿಯುತ್ತಾರೆ, ಬಿಡುತ್ತಾರೆ, ಗೆರೆ ಮೇಲೆ ಕೆಳಗೆ ಕುಣಿಯುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕುಣಿತ ನಿಲ್ಲುತ್ತದೆ. ಆದರೆ ಗೆರೆ ಸೊನ್ನೆಗೆ ಬರುವುದಿಲ್ಲ. ಒಂದೇ ಮಟ್ಟದಲ್ಲಿ ನೆಟ್ಟಗೆ ಓಡುತ್ತಿರುತ್ತದೆ. ಮಲಗಿದ ಬೀದಿ ಯಾಕೆ ನೀರು ಕುಡಿಯುತ್ತಿದೆ? ಆ ನೆಟ್ಟಗಿನ ಗೆರೆಯೇ ಸೋರಿಕೆ.

ಮುಂದಿನ ಕೆಲಸ ಕಿವಿಯದು. ಪ್ರತಿ ಮನೆಯ ಪೈಪಿಗೂ ಬೀದಿಯಲ್ಲೊಂದು ವಾಲ್ವ್, ಅದರ ಮೇಲೆ ಕಬ್ಬಿಣದ ಮುಚ್ಚಳ. ನಡುರಾತ್ರಿ ತನಿಖೆಯವನು ಉದ್ದನೆಯ ಕೀಲಿಯನ್ನು ವಾಲ್ವ್ ಮೇಲೆ ಇಟ್ಟು, ಇನ್ನೊಂದು ತುದಿಯನ್ನು ಡಾಕ್ಟರ ಸ್ಟೆಥಾಸ್ಕೋಪಿನಂತೆ ಕಿವಿಗೆ ಒತ್ತುತ್ತಿದ್ದ. ಸುಯ್ ಎನ್ನುವ ಸದ್ದು ಕೇಳಿದರೆ ವಾಲ್ವ್ ಮುಚ್ಚಿ, ಮನೆ ನಂಬರು ಮತ್ತು ಗಂಟೆ ಬರೆದುಕೊಂಡು ಮುಂದಿನ ಮನೆಗೆ. ಬೆಳಿಗ್ಗೆ ಕಾಗದದ ಗೆರೆಯನ್ನು ಅವನ ಪುಸ್ತಕದ ಜೊತೆ ಇಟ್ಟು ನೋಡಿದರೆ ಯಾವ ಗಂಟೆಗೆ ಗೆರೆ ಎಷ್ಟು ಇಳಿಯಿತು, ಅಂದರೆ ಯಾವ ಮನೆಯಲ್ಲಿ ಎಷ್ಟು ಸೋರುತ್ತಿತ್ತು ಎಂಬುದು ಸಿಗುತ್ತದೆ. ಎಲ್ಲ ಮನೆಗಳ ವಾಲ್ವ್ ಮುಚ್ಚಿದ ಮೇಲೂ ಗೆರೆ ಸೊನ್ನೆಗೆ ಬರದಿದ್ದರೆ ತಪ್ಪು ಯಾವ ಮನೆಯದ್ದೂ ಅಲ್ಲ, ರಸ್ತೆಯಡಿಯ ದೊಡ್ಡ ಪೈಪಿನದು.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಯಂತ್ರವಲ್ಲ. ಆವರೆಗೆ ತಪ್ಪು ಯಾರದೆಂದು ಕೇಳಿದರೆ ಬೆರಳು ಬಡವರ ಬೀದಿಯ ಕಡೆ ತಿರುಗುತ್ತಿತ್ತು. ಈಗ ಕಾಗದದ ಮೇಲೆ ಒಂದು ಸಾಕ್ಷಿ ಬಂತು.

ಆದರೆ ಈ ಸಾಕ್ಷಿಗೂ ಚಳಿಗಾಲದಲ್ಲಿ ಒಂದು ತೊಡಕು. ಪೈಪು ಹೆಪ್ಪುಗಟ್ಟದಿರಲೆಂದು ಜನ ರಾತ್ರಿಯೆಲ್ಲಾ ನಲ್ಲಿಯನ್ನು ಸಣ್ಣಗೆ ಬಿಟ್ಟು ಮಲಗುತ್ತಿದ್ದರು. ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ ಎಂಬುದು ಅವರ ಅನುಭವ, ಅದು ಸರಿಯೂ ಹೌದು. ಆದರೆ ಬಿಟ್ಟ ನಲ್ಲಿಯದ್ದೂ ನೆಟ್ಟಗಿನ ಗೆರೆಯೇ, ಕೀಲಿಯಲ್ಲಿ ಕೇಳುವುದೂ ಅದೇ ಸುಯ್ ಸದ್ದು. ಸೋರಿಕೆ ಹೆಚ್ಚುವ ಕಾಲದಲ್ಲೇ ಸೋರಿಕೆಯನ್ನೂ ಬಳಕೆಯನ್ನೂ ಬೇರೆ ಮಾಡುವುದು ಕಷ್ಟವಾಯಿತು.

ಈ ಗೊಂದಲ ಜಗಳಕ್ಕೆ ತಿರುಗಿದ್ದು ಲಂಡನ್‌ನಲ್ಲಿ, 1895ರ ಚಳಿಗಾಲದಲ್ಲಿ. ಆ ವರ್ಷ ಫೆಬ್ರವರಿ 11ರಂದು ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಸೊನ್ನೆಗಿಂತ 27.2 ಡಿಗ್ರಿ ಕೆಳಗಿನ ಚಳಿ ದಾಖಲಾಯಿತು. ಥೇಮ್ಸ್ ನದಿಯಲ್ಲಿ ಮಂಜುಗಡ್ಡೆ ತೇಲಿತು. ಲಂಡನ್‌ನಲ್ಲಿ ಆಗ ನೀರು ಮಾರುತ್ತಿದ್ದುದು ಎಂಟು ಖಾಸಗಿ ಕಂಪನಿಗಳು. ಹೆಚ್ಚು ಆಳ ತೋಡದೆ ಹಾಕಿದ್ದ ಪೈಪುಗಳು ಹೆಪ್ಪುಗಟ್ಟಿದವು, ಒಡೆದವು. ಜನ ಬೀದಿಯಲ್ಲಿ ನಿಲ್ಲಿಸಿದ ತಾತ್ಕಾಲಿಕ ನಲ್ಲಿಗಳ ಮುಂದೆ ಬಕೆಟ್ ಹಿಡಿದು ನಿಂತರು. ನಮ್ಮ ಟ್ಯಾಂಕರ್ ಕ್ಯೂ ನೆನಪಿಸಿಕೊಳ್ಳಿ, ಜೊತೆಗೆ ಕೈ ಮರಗಟ್ಟುವ ಚಳಿ ಸೇರಿಸಿ.

ಹೆಚ್ಚು ಬಿಸಿ ಏರಿದ್ದು ಕೂಲಿಕಾರರು ತುಂಬಿದ್ದ ಪೂರ್ವ ಲಂಡನ್‌ನಲ್ಲಿ. ನೀರು ಸಾಲದಿದ್ದುದಕ್ಕೆ ಕಂಪನಿಯವರು ಕೊಟ್ಟ ಕಾರಣ ಹಳೆಯದೇ: ನೀವು ನಲ್ಲಿ ಬಿಟ್ಟು ಪೋಲು ಮಾಡುತ್ತೀರಿ. ಜನರ ಪ್ರಶ್ನೆ: ನೀರೇ ಬಾರದ ವಾರಗಳಿಗೂ ದುಡ್ಡು ಯಾಕೆ ಕಟ್ಟಬೇಕು? ಅಲ್ಲಿ ನೀರಿನ ಬಿಲ್ ಬರುತ್ತಿದ್ದುದು ಬಳಸಿದ ನೀರಿಗಲ್ಲ, ಮನೆಯ ಬೆಲೆಯ ಲೆಕ್ಕದಲ್ಲಿ. ಅದೇ ವರ್ಷ ಬೇಸಿಗೆಯಲ್ಲೂ ಪೂರ್ವ ಲಂಡನ್‌ಗೆ ನೀರು ಕಡಿತವಾಯಿತು, 1896 ಮತ್ತು 1898ರಲ್ಲಿ ಮತ್ತೆ. ನೀರು ಬಳಸುವವರು ಸಂಘ ಕಟ್ಟಿದರು, ಸಭೆ ಸೇರಿದರು, ವಾದ ಪಾರ್ಲಿಮೆಂಟಿನವರೆಗೆ ಹೋಯಿತು. 1902ರಲ್ಲಿ ಕಾನೂನು ಬಂತು. 1904ರಲ್ಲಿ ಎಂಟೂ ಕಂಪನಿಗಳ ಕೆಲಸವನ್ನು ಒಂದು ಸಾರ್ವಜನಿಕ ಮಂಡಳಿ ವಹಿಸಿಕೊಂಡಿತು.

ಲಿವರ್‌ಪೂಲ್ ಕಥೆಗೂ ಒಂದು ಬಾಲವಿದೆ. ಸೋರಿಕೆ ತಡೆದು ನಗರ ಒಂದಿಷ್ಟು ಕಾಲ ಉಸಿರಾಡಿತು, ಬಾಯಾರಿಕೆ ತೀರಲಿಲ್ಲ. 1881ರಲ್ಲಿ ವೇಲ್ಸ್‌ನ ಬೆಟ್ಟಗಳ ನಡುವೆ ವರ್ನ್‌ವಿ ಎಂಬಲ್ಲಿ ಅಣೆಕಟ್ಟು ಶುರುವಾಯಿತು. ಲಾನ್‌ವುದಿನ್ ಎಂಬ ಹಳ್ಳಿ, ಅದರ ಚರ್ಚು, ಮನೆ, ಹೊಲಗಳೊಂದಿಗೆ ಮುಳುಗಿತು. 1892ರಿಂದ ಆ ನೀರು ಸುಮಾರು 110 ಕಿಲೋಮೀಟರ್ ಹರಿದು ನಗರ ಸೇರಿತು. ಆ ಕಾಮಗಾರಿಯ ಎಂಜಿನಿಯರೂ ಇದೇ ಡೀಕನ್. ಹನಿ ಉಳಿಸಲು ರಾತ್ರಿ ಗೆರೆ ಓದಿದವನೇ ಊರು ಮುಳುಗಿಸುವ ಕೆಲಸವನ್ನೂ ಮಾಡಬೇಕಾಯಿತು. ಶರಾವತಿ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉಪಕರಣಗಳು ಈಗ ಬದಲಾಗಿವೆ. ಪೈಪಿನ ಎರಡು ಕಡೆ ಸೆನ್ಸರ್ ಇಟ್ಟು, ಸೋರಿಕೆಯ ಸದ್ದು ಯಾವುದಕ್ಕೆ ಎಷ್ಟು ಬೇಗ ತಲುಪಿತು ಎಂದು ಲೆಕ್ಕ ಹಾಕಿ ಅಗೆಯುವ ಜಾಗ ಗುರುತಿಸುತ್ತಾರೆ. ಆದರೂ ಸೋರಿಕೆ ಅಳೆಯುವ ಹೊತ್ತು ಇವತ್ತಿಗೂ ರಾತ್ರಿಯೇ. ಕಿವಿಗೆ ಹಿಡಿಯುವ ಕೋಲನ್ನೂ ಅವರು ಬಿಟ್ಟಿಲ್ಲ. ಆ ಕೋಲು ಚೆನ್ನಾಗಿ ಮಾತಾಡುವುದು ಕಬ್ಬಿಣದ ಪೈಪಿನ ಮೇಲೆ. ಪ್ಲಾಸ್ಟಿಕ್ ಪೈಪು ಸದ್ದನ್ನು ಸ್ವಲ್ಪ ದೂರದಲ್ಲೇ ನುಂಗಿಬಿಡುತ್ತದೆ. ನಮ್ಮ ಹಳ್ಳಿಗಳ ಬೀದಿಯಡಿ ಹೆಚ್ಚಾಗಿ ಇರುವುದು ಪಿವಿಸಿ. ಹಾಗಾಗಿ ನಮ್ಮ ನೀರುಗಂಟಿ ಇನ್ನೂ ಹಸಿ ಮಣ್ಣನ್ನೇ ಹುಡುಕಬೇಕು.