ಕಾಲ್ಬಾದೇವಿಯ ಹುಂಡಿ

ಹುಂಡಿ ಎಂದೊಡನೆ ನಮಗೆ ದೇವಸ್ಥಾನದ ಕಾಣಿಕೆ ಡಬ್ಬಿ ನೆನಪಾಗುವುದು ಸಹಜ. ಆದರೆ ಮುಂಬಯಿಯ ಕಾಲ್ಬಾದೇವಿ, ಝವೇರಿ ಬಜಾರುಗಳ ಸರಾಫರಲ್ಲಿ ಹುಂಡಿಯೆಂದರೆ, ಇಂತಿಷ್ಟು ಹಣ ಕೊಡಬೇಕೆಂದು ಒಬ್ಬ ಸರಾಫನು ಪರವೂರಿನ ಇನ್ನೊಬ್ಬ ಸರಾಫನಿಗೆ ಬರೆದ ಪತ್ರ. 1935ರಲ್ಲಿ ರಿಸರ್ವ್ ಬ್ಯಾಂಕು ಹುಟ್ಟುವುದಕ್ಕೆ ಬಹಳ ಮೊದಲಿನಿಂದಲೂ ಇಂಥ ಪತ್ರಗಳು ಊರೂರು ತಿರುಗುತ್ತಿದ್ದವು. ನಡುವೆ ಕೇಂದ್ರ ಕಚೇರಿಯಿಲ್ಲ, ಮೇಲಧಿಕಾರಿಯಿಲ್ಲ, ಎಲ್ಲರೂ ಸರಿಸಮಾನರು. ಹಾಗಿದ್ದರೆ ಮೋಸವನ್ನು ತಡೆಯುತ್ತಿದ್ದವರು ಯಾರು?

ಹುಂಡಿಗಳ ಬಗೆಗಳನ್ನು ಹೋಲಿಸಿ ನೋಡಿದರೆ ಉತ್ತರ ಸಿಗುತ್ತದೆ. ಹುಂಡಿ ಕಳ್ಳನ ಕೈ ಸೇರಿತೆಂದು ಇಟ್ಟುಕೊಳ್ಳೋಣ. ತೋರಿಸಿದವನಿಗೆ ಸಲ್ಲುವ ಹುಂಡಿಯಾದರೆ ಹಣ ಹೋದಂತೆಯೇ. ಧನೀಜೋಗ ಹುಂಡಿ ಅದರ ಒಡೆಯನಿಗೆ ಮಾತ್ರ ಸಲ್ಲತಕ್ಕದ್ದು. ಆದರೆ ಬಂದು ನಿಂತವನೇ ಒಡೆಯನೆಂದು ಗುರುತಿಸುವುದು ಹೇಗೆ? ಶಾಹಜೋಗ ಹುಂಡಿಯ ಉಪಾಯವೇ ಬೇರೆ. ಪೇಟೆಯಲ್ಲಿ ಹೆಸರುವಾಸಿಯಾದ ಶಾಹ, ಅಂದರೆ ಮರ್ಯಾದಸ್ಥ ವರ್ತಕ, ತಂದರೆ ಮಾತ್ರ ಹಣ. ಮುಂದೆ ಹುಂಡಿ ಕಳವಿನದೆಂದೋ ಖೋಟಾ ಎಂದೋ ತಿಳಿದುಬಂದರೆ ಆ ಶಾಹನೇ ಹಣವನ್ನು ಬಡ್ಡಿಸಹಿತ ಹಿಂತಿರುಗಿಸಿ, ತನಗೆ ಅದನ್ನು ಮಾರಿದವನನ್ನು ಹುಡುಕಿಕೊಂಡು ಹೋಗಬೇಕು. ಹೀಗೆ ಒಬ್ಬೊಬ್ಬರನ್ನೇ ಹಿಡಿಯುತ್ತ ಕಳ್ಳನವರೆಗೆ ಹೋಗಬಹುದು.

ಕಾಗದದಲ್ಲಿಯೂ ಕಾವಲಿತ್ತು. ಮೊತ್ತ ತಿದ್ದಲಾಗದಂತೆ ‘ನೂರು ರೂಪಾಯಿ, ಐವತ್ತರ ದುಪ್ಪಟ್ಟು’ ಎಂದು ಮತ್ತೆ ಮತ್ತೆ ಬರೆಯುತ್ತಿದ್ದರು. ಹುಂಡಿ ಕಳೆದರೆ ‘ಪೇಠ್’, ಅದೂ ಕಳೆದರೆ ‘ಪರಪೇಠ್’ ಎಂಬ ಪ್ರತಿಗಳು. ಹಣ ಸಂದ ಹುಂಡಿಗೆ ‘ಖೋಖಾ’ ಎಂದು ಹೆಸರು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಕೂಡ ದೇಶಭಾಷೆಯ ಇಂಥ ಪತ್ರಗಳ ಸ್ಥಳೀಯ ರೂಢಿಗೆ ಕೈಹಚ್ಚಲಿಲ್ಲ.

ಒಡೆಯನಿಲ್ಲದ ಕಂಪ್ಯೂಟರ್ ಜಾಲಗಳನ್ನು ಕಟ್ಟಿದವರಿಗೂ ಇದೇ ತೊಡಕು ಎದುರಾಯಿತು. ಒಬ್ಬನೇ ನೂರು ಸುಳ್ಳು ಹೆಸರು ಧರಿಸಿ ನುಗ್ಗಿದರೆ ಏನು ಗತಿ? ನಡುವೆ ನಂಬಿಕಸ್ಥ ಅಧಿಕಾರಿಯೊಬ್ಬನಿಲ್ಲದೆ ಇದನ್ನು ಪೂರ್ತಿ ತಡೆಯುವುದು ವ್ಯವಹಾರದಲ್ಲಿ ಅಸಾಧ್ಯವೆಂದು 2002ರಲ್ಲಿ ಜಾನ್ ಡೂಸರ್ ವಾದಿಸಿದರು. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್, ಹೆಸರುಗಳನ್ನು ಎಣಿಸುವ ಬದಲು ಯಂತ್ರದ ದುಡಿಮೆಯನ್ನು ಎಣಿಸಿತು. ಆ ದುಡಿಮೆಗೆ ವಿದ್ಯುತ್ತಿನ ವೆಚ್ಚ ತಪ್ಪದು. ಕಾಲ್ಬಾದೇವಿಯಲ್ಲಿ ಒಂದು ಹೆಸರಿನ ಬೆಲೆ ತಲೆಮಾರುಗಳ ಪತ್ತು. ನನ್ನ ಮಟ್ಟಿಗೆ ಇದೇ ಹೆಚ್ಚು ಬಿಗಿಯಾದ ಬೀಗ.

ಆದರೆ ಬೀಗ ಬಿಗಿಯಾದಷ್ಟೂ ಹೊರಗಿನವನಿಗೆ ಬಾಗಿಲು ದೂರ. ದಕ್ಷಿಣ ಕನ್ನಡದಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನನ್ನು ಯಾವ ಶಾಹ ಬಲ್ಲ? ಐದು ರೂಪಾಯಿಗೆ ಯಾರು ಹುಂಡಿ ಬರೆದಾರು? ಅಂಥವರಿಗೆ ಒದಗಿದ್ದು ಅಂಚೆಯ ಮನಿಯಾರ್ಡರು. 1880ರಲ್ಲಿ ಆರಂಭವಾದ ಈ ವ್ಯವಸ್ಥೆಯ ಹಳೆಯ ರೂಪ 2015ರಲ್ಲಿ ನಿಂತಿತು. ಇಲ್ಲಿ ಹೊಣೆಯೆಲ್ಲ ನಡುವಿನ ಸರಕಾರದ್ದು. ಕಳುಹಿಸುವವನ ಕುಲಗೋತ್ರ ಯಾರಿಗೂ ಬೇಡ. ಪೋಸ್ಟ್‌ಮನ್ ಮನೆಬಾಗಿಲಲ್ಲಿ ಹಣ ಎಣಿಸಿ ಕೊಡುತ್ತಿದ್ದ. ಕೆಲವು ದಿನಗಳ ಮೇಲೆ ರಸೀತಿಯ ಚೀಟಿ, ಊರಿನ ತಾಯಿಯ ಹೆಬ್ಬೆಟ್ಟಿನ ಗುರುತನ್ನು ಹೊತ್ತು, ಮುಂಬಯಿಗೆ ಮರಳುತ್ತಿತ್ತು.